ಬಲೆಯ ಕಣ್ಣು ಮತ್ತು ಗಣಕದ ಲೆಕ್ಕ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಸಾಹಿತ್ಯ ಸಂಗೀತಗಳಿಗೆ ಮೀಸಲಾದ ಈ ವೇದಿಕೆಯಲ್ಲಿ ಎಂಜಿನಿಯರಿಂಗಿನ ಮಾತೇಕೆಂದು ತಾವು ಕೇಳಬಹುದು. ನಮ್ಮ ಮಕ್ಕಳು ಕಾಲೇಜುಗಳಲ್ಲಿ ಕಲಿಯುತ್ತಿರುವ ವಿದ್ಯೆಯನ್ನು ನಮ್ಮ ನುಡಿಯಲ್ಲಿ ಆಡಿ ನೋಡದೆ ಹೋದರೆ, ನುಡಿಗೂ ನಷ್ಟ, ವಿದ್ಯೆಗೂ ನಷ್ಟ. ಆದುದರಿಂದ ಇಂದು ಆ ವಿದ್ಯೆಯ ಒಂದು ಸಣ್ಣ ಭಾಗವಾದ ಜಾಲರಚನೆಯನ್ನು ಕುರಿತು ನಾಲ್ಕು ಮಾತು ಅರಿಕೆ ಮಾಡಿಕೊಳ್ಳುತ್ತೇನೆ.

ಒಂದು ನೇರವಾದ ತೊಲೆ ಎಷ್ಟು ಭಾರವನ್ನು ಹೊತ್ತೀತೆಂಬುದನ್ನು ಸೂತ್ರದಿಂದ ತಿಳಿಯಬಹುದು. ಆದರೆ ವಿಮಾನದ ರೆಕ್ಕೆ, ಅಣೆಕಟ್ಟಿನ ಒಡಲು ಮುಂತಾದ ಜಟಿಲ ಆಕಾರಗಳಿಗೆ ಅಂಥ ಸೂತ್ರವಿಲ್ಲ. ಆಗ ಆ ವಸ್ತುವಿನ ಚಿತ್ರವನ್ನು ಸಣ್ಣ ಸಣ್ಣ ತ್ರಿಕೋನ, ಚತುಷ್ಕೋನಗಳಾಗಿ ವಿಂಗಡಿಸುತ್ತಾರೆ. ಒಂದೊಂದು ತುಂಡಿನ ವರ್ತನೆ ಸರಳ. ಎಲ್ಲವನ್ನೂ ಮೂಲೆಗಳಲ್ಲಿ ಜೋಡಿಸಿದಾಗ ಉಂಟಾಗುವ ಸಾವಿರಾರು ಸಮೀಕರಣಗಳನ್ನು ಗಣಕಯಂತ್ರವು ಬಿಡಿಸುತ್ತದೆ. 1943ರಲ್ಲಿ ಗಣಿತಜ್ಞ ರಿಚರ್ಡ್ ಕೂರಾಂಟರು ತ್ರಿಕೋನಗಳ ಈ ಉಪಾಯವನ್ನು ಸೂಚಿಸಿದ್ದರು. 1956ರಲ್ಲಿ ಟರ್ನರ್, ಕ್ಲಫ್, ಮಾರ್ಟಿನ್, ಟಾಪ್ ಎಂಬವರು ಇದನ್ನು ವಿಮಾನರಚನೆಗೆ ಅನ್ವಯಿಸಿದರು. 1960ರಲ್ಲಿ ಕ್ಲಫರು ಇದಕ್ಕೆ 'ಫೈನೈಟ್ ಎಲಿಮೆಂಟ್' ಎಂಬ ಹೆಸರನ್ನಿತ್ತರು. ನಾವು ಇದನ್ನು ಪರಿಮಿತ ಘಟಕ ವಿಧಾನವೆನ್ನೋಣ.

ಇಂದಿನ ತಂತ್ರಾಂಶಗಳು ಗುಂಡಿಯೊತ್ತಿದ ಮಾತ್ರಕ್ಕೆ ಜಾಲವನ್ನು ಹೆಣೆದುಕೊಡುತ್ತವೆ. ಆದರೆ ಕಣ್ಣು ಎಲ್ಲಿ ಕಿರಿದಾಗಿರಬೇಕು, ಎಲ್ಲಿ ಹಿರಿದಾದರೆ ಸಾಕು ಎಂಬ ತೀರ್ಮಾನ ಮನುಷ್ಯನದು. ರಂಧ್ರಗಳ ಸುತ್ತ, ಒಳಮೂಲೆಗಳ ಬಳಿ ಬಲವು ಥಟ್ಟನೆ ಏರುತ್ತದೆ. ಅಲ್ಲಿ ಕಣ್ಣು ಕಿರಿದಾಗಿರಬೇಕು. ಹಿರಿಗಣ್ಣಿನ ಬಲೆಯಲ್ಲಿ ಸಣ್ಣ ಮೀನು ನಿಲ್ಲದೆಂಬುದು ಕಡಲತೀರದವರಿಗೆ ಹೇಳಬೇಕಾದ ಮಾತಲ್ಲ. ಹಾಗೆಂದು ಎಲ್ಲೆಡೆಯೂ ಕಿರಿದು ಮಾಡುವಂತಿಲ್ಲ. ಘನವಸ್ತುವಿನಲ್ಲಿ ತುಂಡಿನ ಅಳತೆಯನ್ನು ಅರ್ಧಕ್ಕಿಳಿಸಿದರೆ ತುಂಡುಗಳ ಸಂಖ್ಯೆ ಎಂಟುಪಟ್ಟಾಗುತ್ತದೆ. ಅಲ್ಲದೆ ತುಂಡುಗಳು ತೀರ ಓರೆಯಾಗಿ ಸೊಟ್ಟಗಾದರೂ ಲೆಕ್ಕ ಕೆಡುತ್ತದೆ.

ಕೆಟ್ಟರೆ ಏನಾದೀತು? ನಾರ್ವೆ ದೇಶದಲ್ಲಿ ಅನಿಲವನ್ನು ತೆಗೆಯಲು 'ಸ್ಲೈಪ್ನರ್ ಎ' ಎಂಬ ಬೃಹತ್ ಕಾಂಕ್ರೀಟು ಪೀಠವನ್ನು ಕಟ್ಟಿದ್ದರು. ಒತ್ತೊತ್ತಾಗಿ ನಿಂತ ದುಂಡು ಕೋಶಗಳ ನಡುವೆ ಉಳಿದ ಮುಮ್ಮೂಲೆಯ ಸಂದುಗಳಲ್ಲಿ ಸಮುದ್ರದ ನೀರು ತುಂಬಿರುತ್ತಿತ್ತು. ಆ ಸಂದುಗಳ ಗೋಡೆಗೆ ಹೆಣೆದ ಜಾಲ ಒರಟಾಗಿತ್ತು, ತುಂಡುಗಳು ಓರೆಯಾಗಿದ್ದವು. ಗೋಡೆಯನ್ನು ಕತ್ತರಿಸುವ ಬಲವು ನಿಜಕ್ಕಿಂತ ನೂರಕ್ಕೆ 47ರಷ್ಟು ಕಡಿಮೆಯೆಂದು ಗಣಕ ತಿಳಿಸಿತು. ಅದನ್ನು ನಂಬಿ ಗೋಡೆಯನ್ನು ತೆಳುವಾಗಿ ಕಟ್ಟಿದರು. ಒಳಗಿನ ಉಕ್ಕಿನ ಸರಳುಗಳ ಹಿಡಿತವೂ ಸಾಲದಾಗಿತ್ತು. 1991ರ ಆಗಸ್ಟ್ 23ರಂದು ಸ್ಟವಾಂಗರ್ ಬಳಿಯ ಕಡಲ ಕಾಲುವೆಯಲ್ಲಿ ಪೀಠವನ್ನು ನೀರಿಗಿಳಿಸಿ ಪರೀಕ್ಷಿಸುತ್ತಿದ್ದಾಗ, ಸುಮಾರು 65 ಮೀಟರ್ ನೀರಿನ ಒತ್ತಡಕ್ಕೆ ಗೋಡೆ ಬಿರಿಯಿತು. ಪೀಠವೆಲ್ಲ ಮುಳುಗಿ ನುಚ್ಚುನೂರಾಯಿತು. ಅದರ ಮೇಲಿದ್ದವರೆಲ್ಲರೂ ಪಾರಾದರೆಂಬುದೇ ಸಮಾಧಾನ. ಆದ ನಷ್ಟ ಸುಮಾರು 70 ಕೋಟಿ ಡಾಲರು. ಆಮೇಲೆ ಸೂಕ್ಷ್ಮವಾಗಿ ಲೆಕ್ಕ ಹಾಕಿದಾಗ 62 ಮೀಟರಿಗೇ ಗೋಡೆ ಸೋಲಬೇಕೆಂದು ಕಂಡುಬಂದಿತು. ಎಂದರೆ ವಿಧಾನದಲ್ಲಿ ದೋಷವಿರಲಿಲ್ಲ. ಅದನ್ನು ಬಳಸಿದ ಬಗೆಯಲ್ಲಿತ್ತು.

ಆದುದರಿಂದ ಈ ವಿದ್ಯೆಯನ್ನು ಕಲಿಯುವ ತರುಣರಲ್ಲಿ ನನ್ನ ಬಿನ್ನಹ ಇಷ್ಟೆ. ಒಮ್ಮೆ ಬಂದ ಉತ್ತರಕ್ಕೆ ತೃಪ್ತರಾಗಬೇಡಿರಿ. ಜಾಲವನ್ನು ಇನ್ನಷ್ಟು ಕಿರಿದುಗೊಳಿಸಿ ಮತ್ತೊಮ್ಮೆ ಲೆಕ್ಕ ಮಾಡಿರಿ. ಉತ್ತರ ಬಹಳವಾಗಿ ಬದಲಾದರೆ ಮೊದಲಿನದನ್ನು ನಂಬಬೇಡಿರಿ. ಚೂಪಾದ ಒಳಮೂಲೆಯಲ್ಲಿ ಮಾತ್ರ ಎಷ್ಟು ಕಿರಿದುಗೊಳಿಸಿದರೂ ಸಂಖ್ಯೆ ಏರುತ್ತಲೇ ಹೋದೀತು. ಅಲ್ಲಿ ಆ ಮೂಲೆಯ ನಿಜವಾದ ದುಂಡುತನವನ್ನೂ ಚಿತ್ರಕ್ಕೆ ಸೇರಿಸಬೇಕು. ಕೊನೆಗೆ ಕಾಗದ ಪೆನ್ಸಿಲು ಹಿಡಿದು, ಹೊರೆಗೂ ಆಧಾರಕ್ಕೂ ತಾಳೆಯಾಗುವುದೇ ಎಂದು ಕೈಲೆಕ್ಕದಿಂದ ಪರೀಕ್ಷಿಸಿರಿ. ಬಣ್ಣಬಣ್ಣದ ಚಿತ್ರ ಕಣ್ಣಿಗೆ ಅಂದವಾಗಿದ್ದೀತು. ಆದರೆ ಆ ಗೋಡೆಯ ಮರೆಯಲ್ಲಿ ನಿಲ್ಲುವವರು ನಮ್ಮಂಥ ಮನುಷ್ಯರು.