ಉದ್ಯೋಗಾರ್ಥಿಯ ಸ್ವವಿವರ ಪತ್ರ

(ಶಾಲಾ ವಾರ್ಷಿಕೋತ್ಸವದ ಅಂಗವಾಗಿ ಜರಗಿದ ಹಳೆ ವಿದ್ಯಾರ್ಥಿಗಳ ಕೂಟದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಶಾಲೆ ಬಿಟ್ಟು ಹೋದವರು ಮತ್ತೆ ನಮ್ಮ ಮೆಟ್ಟಲೇರಿ ಬರುವುದು ಬಹುಮಟ್ಟಿಗೆ ಎರಡು ಕಾರಣಗಳಿಂದ: ಒಂದು ಮದುವೆಯ ಕರೆಯೋಲೆ, ಇನ್ನೊಂದು ಉದ್ಯೋಗದ ಅರ್ಜಿ. ಮೊದಲನೆಯದರಲ್ಲಿ ನಮಗೆ ಊಟವಲ್ಲದೆ ಬೇರೆ ಕೆಲಸವಿಲ್ಲ. ಎರಡನೆಯದನ್ನು ಕುರಿತು ನಾಲ್ಕು ಮಾತುಗಳನ್ನು ಅರಿಕೆ ಮಾಡಿಕೊಳ್ಳುತ್ತೇವೆ.

ಕಳೆದ ವರ್ಷ ನಮ್ಮ ಹಳೆ ವಿದ್ಯಾರ್ಥಿಯೊಬ್ಬನು, ಬಿ.ಕಾಂ. ಮುಗಿಸಿದವನು, ತನ್ನ ಸ್ವವಿವರ ಪತ್ರವನ್ನು, ಅಂದರೆ ಬಯೋಡಾಟಾವನ್ನು, ತಂದು ತೋರಿಸಿದನು. ಪೇಟೆಯ ಕಂಪ್ಯೂಟರ್ ಅಂಗಡಿಯಲ್ಲಿ ಮಾಡಿಸಿದ್ದು. ಹವ್ಯಾಸಗಳ ಸಾಲಿನಲ್ಲಿ ಛಾಯಾಗ್ರಹಣವೆಂದಿತ್ತು. “ನಿನಗೆ ಇದು ಬರುತ್ತದೆಯೆ?” ಎಂದು ಕೇಳಿದೆವು. “ಇಲ್ಲ ಮಾಷ್ಟ್ರೇ, ಅಂಗಡಿಯವರ ಮಾದರಿಯಲ್ಲಿ ಇದ್ದದ್ದು” ಎಂದನು. ಮಂಗಳೂರಿನ ಕಚೇರಿಯೊಂದರ ಸಂದರ್ಶನದಲ್ಲಿ ಅದರ ಬಗೆಗೇ ಪ್ರಶ್ನೆ ಬರಲು, ಉತ್ತರ ತೋಚದೆ ತಲೆತಗ್ಗಿಸಿ ಹಿಂದಿರುಗಿದ್ದನಂತೆ. ಇದೇ ಹುಡುಗನು ಮೂರು ವರ್ಷ ಪ್ರತಿದಿನವೂ ಮುಂಜಾನೆ ಊರಿನ ಹಾಲಿನ ಸೊಸೈಟಿಯಲ್ಲಿ ಲೆಕ್ಕ ಬರೆದವನು. ಆ ಸಂಗತಿ ಪತ್ರದಲ್ಲಿ ಎಲ್ಲಿಯೂ ಇರಲಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ ಸಂಗತಿಯೂ ಇರಲಿಲ್ಲ. “ಅದನ್ನೆಲ್ಲ ಬರೆದರೆ ನಗುವುದಿಲ್ಲವೆ?” ಎಂದು ನಮ್ಮನ್ನೇ ಕೇಳಿದನು.

ಆಗ ನಮಗೆ ನಮ್ಮ ತಪ್ಪು ಕಾಣಿಸಿತು. ರಜೆಯ ಅರ್ಜಿಯನ್ನು ಕಲಿಸುವಾಗ ನಾವು ಕರಿಹಲಗೆಯ ಮೇಲೆ ಒಂದು ಮಾದರಿಯನ್ನು ಬರೆಯುತ್ತೇವೆ. ಮಕ್ಕಳು ಅದನ್ನು ನಕಲು ಮಾಡುತ್ತಾರೆ. ಇಡೀ ತರಗತಿಗೆ ಒಂದೇ ಜ್ವರ, ಒಂದೇ ಎರಡು ದಿನದ ರಜೆ. ಅದಕ್ಕೆ ಪೂರ್ಣ ಅಂಕವನ್ನೂ ಕೊಡುತ್ತೇವೆ. ತನ್ನ ಸಂಗತಿಯನ್ನು ಪರರ ಮಾತಿನಲ್ಲಿ ಬರೆಯುವ ಅಭ್ಯಾಸ ಆ ಹುಡುಗನಿಗೆ ನಮ್ಮಿಂದಲೇ ಬಂದುದು.

ಸ್ವವಿವರ ಪತ್ರಕ್ಕೆ ಒಂದು ಪುಟ, ಹೆಚ್ಚೆಂದರೆ ಎರಡು ಪುಟ ಸಾಕು. ಹೆಸರು, ವಿಳಾಸ, ದೂರವಾಣಿ. ಬಳಿಕ ವಿದ್ಯಾಭ್ಯಾಸ, ಇತ್ತೀಚಿನದು ಮೊದಲು. ಆಮೇಲೆ ಮಾಡಿದ ಕೆಲಸ, ಬಲ್ಲ ಭಾಷೆಗಳು. ಹೆಸರಿನ ಅಕ್ಷರಗಳು ಎಸ್.ಎಸ್.ಎಲ್.ಸಿ. ಪ್ರಮಾಣಪತ್ರದಲ್ಲಿದ್ದಂತೆಯೇ ಇರತಕ್ಕದ್ದು, ನಮ್ಮ ಹೆಸರುಗಳು ಇಂಗ್ಲಿಷಿಗೂ ಮಲಯಾಳಕ್ಕೂ ಹೋಗಿ ಬರುವಷ್ಟರಲ್ಲಿ ರೂಪ ಬದಲಿಸುವುದುಂಟು. ಕೇರಳದ ಎಸ್.ಎಸ್.ಎಲ್.ಸಿ.ಯಲ್ಲಿ ಅಂಕಗಳ ಬದಲು ಶ್ರೇಣಿಯಿರುವುದರಿಂದ, ಕರ್ನಾಟಕದಲ್ಲಿ ಕೆಲಸ ಹುಡುಕುವವರು ಎ ಪ್ಲಸ್ ಎಂದರೆ ನೂರಕ್ಕೆ 90 ಮತ್ತು ಮೇಲೆ, ಎ ಎಂದರೆ 80ರಿಂದ 89 ಎಂದು ಪಕ್ಕದಲ್ಲಿ ಬರೆಯುವುದು ಲೇಸು.

ಮಾಡಿದ ಕೆಲಸವನ್ನು ಬರೆಯುವಾಗ “ಸೊಸೈಟಿಯಲ್ಲಿ ಸಹಾಯ” ಎಂದರೆ ಸಾಲದು. ಎಷ್ಟು ವರ್ಷ, ದಿನಕ್ಕೆ ಎಷ್ಟು ಮಂದಿಯ ಹಾಲಿನ ಲೆಕ್ಕ, ಹಣದ ಬಟವಾಡೆಯೂ ನಿಮ್ಮ ಕೈಯಲ್ಲಿತ್ತೆ, ಇವನ್ನು ಬರೆಯಿರಿ. ಕೆಲಸ ಕೊಡುವವನಿಗೆ ನಿಮ್ಮ ಮೇಲೆ ನಂಬಿಕೆ ಹುಟ್ಟುವುದು ಇಂತಹ ವಿವರಗಳಿಂದ.

ಇನ್ನು ಭಾಷೆಗಳು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅಂದಿನಿಂದ ನಮ್ಮ ಮಕ್ಕಳು ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡಿ, ಶಾಲೆಯಲ್ಲಿ ಕನ್ನಡ ಓದಿ, ಕಚೇರಿಗಳಲ್ಲಿ ಮಲಯಾಳದಲ್ಲಿ ವ್ಯವಹರಿಸುತ್ತಾ ಬೆಳೆದಿದ್ದಾರೆ. ಇದರಿಂದಾದ ಕಷ್ಟ ನಮಗೆಲ್ಲ ತಿಳಿದದ್ದೇ. ಇದರಿಂದ ಬಂದ ಸಾಮರ್ಥ್ಯವನ್ನೇಕೆ ಮುಚ್ಚಿಡಬೇಕು? ಈ ಜಿಲ್ಲೆಯಲ್ಲಿ ಕನ್ನಡ ಮಲಯಾಳಗಳೆರಡನ್ನೂ ಬಲ್ಲವರಿಗಾಗಿಯೇ ಗುಮಾಸ್ತರ ಹುದ್ದೆಗಳಿಗೆ ಕೇರಳ ಲೋಕಸೇವಾ ಆಯೋಗವು ಅರ್ಜಿ ಕರೆಯುವುದುಂಟು. ಆದರೆ ಇಲ್ಲಿಯೂ ಸತ್ಯವನ್ನೇ ಬರೆಯಬೇಕು. ಮಾತನಾಡುವುದು, ಓದುವುದು, ಬರೆಯುವುದು ಇವು ಬೇರೆಬೇರೆ. ಮಲಯಾಳ ಆಡಲು ಬರುತ್ತದೆ, ಬರೆಯಲು ಬರುವುದಿಲ್ಲ ಎಂದಾದರೆ ಹಾಗೆಯೇ ತಿಳಿಸಿರಿ, ಬರೆಯಲೂ ಕಲಿಯಿರಿ.

ಆ ಹುಡುಗನು ನಮ್ಮ ಮೇಜಿನ ಬಳಿ ಕುಳಿತು ಪತ್ರವನ್ನು ಮತ್ತೆ ಬರೆದನು. ಕೆಲಸ ಇನ್ನೂ ದೊರೆತಿಲ್ಲ. ಆದರೆ ಮುಂದಿನ ಸಂದರ್ಶನದಲ್ಲಿ ಹಾಲಿನ ಲೆಕ್ಕದ ಬಗೆಗೆ ಕಾಲು ಗಂಟೆ ಮಾತನಾಡಿ ಬಂದೆನೆಂದು ಹೇಳಿದಾಗ ಅವನ ತಲೆ ಎತ್ತಿತ್ತು.

ಈ ವರ್ಷದಿಂದ ರಜೆಯ ಅರ್ಜಿಯ ಮಾದರಿಯನ್ನು ನಾವು ಕರಿಹಲಗೆಯ ಮೇಲೆ ಬರೆಯುವುದಿಲ್ಲ. ಪ್ರತಿಯೊಂದು ಮಗುವೂ ತನ್ನ ಕಾರಣವನ್ನು ತಾನೇ ಬರೆಯಲಿ. ಹತ್ತನೆಯ ತರಗತಿಯವರು ತಮಗೆ ಏನು ಬರುತ್ತದೆಂಬುದನ್ನು ಒಂದು ಪುಟ ಬರೆದು ತರಲಿ. ತಪ್ಪುಗಳಿದ್ದರೆ ತಿದ್ದಲು ನಾವಿದ್ದೇವೆ.