ಮರಳಿ ಊರಿಗೆ

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಪ್ಲೇನ್ಸ್ ಎಂಬುದೊಂದು ಸಣ್ಣ ಊರು. ಜನಸಂಖ್ಯೆ ಆರುನೂರನ್ನೂ ಮುಟ್ಟದು. 1977ರಿಂದ 1981ರವರೆಗೆ ಆ ದೇಶದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಹುಟ್ಟಿದ್ದು ಅಲ್ಲಿ. 2025ರ ಆಗಸ್ಟಿನಲ್ಲಿ, ಅಟ್ಲಾಂಟಾದಲ್ಲಿರುವ ಮಗಳೊಡನೆ ನಾನು ಆ ಊರನ್ನು ಕಂಡುಬಂದೆ.

ದಾರಿಯ ಇಕ್ಕೆಲದಲ್ಲೂ ಕೆಂಪು ಮಣ್ಣು, ಶೇಂಗಾ ಹೊಲ. ಚಳ್ಳಕೆರೆ ಸೀಮೆಯಲ್ಲಿ ಶೇಂಗಾ ಬಿಡಿಸುತ್ತ ಬೆಳೆದ ನನಗೆ ಅದು ಪರದೇಶವೆನಿಸಲಿಲ್ಲ.

ಊರಿನ ಪಶ್ಚಿಮಕ್ಕೆ, ಆರ್ಚರಿ ಎಂಬಲ್ಲಿ, ಕಾರ್ಟರ್ ಬೆಳೆದ ಹೊಲದ ಮನೆಯಿದೆ. 1938ರವರೆಗೆ ಅಲ್ಲಿ ವಿದ್ಯುದ್ದೀಪವಿರಲಿಲ್ಲ. ನೆರೆಯವರು ಬಹುತೇಕ ಕರಿಯ ಜನಾಂಗದ ಕೃಷಿಕಾರ್ಮಿಕರು. ಮಕ್ಕಳಿಗೆ ಆಟ ಒಟ್ಟಿಗೆ, ಶಾಲೆ ಮಾತ್ರ ಬೇರೆ ಬೇರೆ. ಆ ಬಾಲಕನೇ 1971ರಲ್ಲಿ ರಾಜ್ಯದ ಗವರ್ನರ್ ಆಗಿ, ವರ್ಣಭೇದದ ಕಾಲ ಮುಗಿಯಿತೆಂದು ಸಾರಿದ.

ಅಧಿಕಾರ ಮುಗಿದಾಗ ಅವರು ಮರಳಿದ್ದು, 1961ರಲ್ಲಿ ಕಟ್ಟಿಸಿದ್ದ ತಮ್ಮೂರಿನ ಸಾಧಾರಣ ಮನೆಗೆ. ನೂರು ತುಂಬಿ, 2024ರ ಡಿಸೆಂಬರಿನಲ್ಲಿ ಕಣ್ಣು ಮುಚ್ಚಿದ್ದೂ ಅಲ್ಲಿಯೇ. ಆ ಮನೆಯ ಆವರಣದಲ್ಲಿಯೇ, ಪತ್ನಿ ರೋಸಲಿನ್ ಅವರ ಪಕ್ಕದಲ್ಲಿ, ಅವರ ಸಮಾಧಿಯಿದೆ.

ಅದರ ಮುಂದೆ ನಿಂತಿದ್ದಾಗ ಮಗಳು ಕೇಳಿದಳು: “ಅಪ್ಪಾ, ನಮ್ಮೂರ ಮನೆ ಈಗ ಹೇಗಿದೆ?”

ನಾನು ಉತ್ತರಿಸಲಿಲ್ಲ. ಮೂವತ್ತೈದು ವರ್ಷ ತರಗತಿಗಳಲ್ಲಿ ಹಳ್ಳಿಯ ಹಿರಿಮೆಯನ್ನು ಬೋಧಿಸಿದವನು ನಾನು. ತಂದೆಯವರು ತೀರಿಕೊಂಡ ಮೇಲೆ ಆ ಮನೆಯ ಬೀಗವನ್ನೇ ತೆಗೆದಿಲ್ಲ. ಅಷ್ಟು ಎತ್ತರಕ್ಕೆ ಏರಿದವರಿಗೆ ಊರಿನ ದಾರಿ ಮರೆಯಲಿಲ್ಲ; ನಾನು ಏರಿದ್ದಾದರೂ ಎಷ್ಟು?

ಬರುವ ಮುಂಗಾರಿಗೆ ಮುನ್ನ ಹೋಗಿ ಮಾಳಿಗೆಗೆ ಮಣ್ಣು ಹಾಕಿಸಬೇಕು.