ಹಕ್ಕಿಗಳಿಗೆ ಆಸರೆಯಾದ ಊರಿನಿಂದ ಕಲಿಯಬೇಕಾದ ಪಾಠ



ತಲಘಟ್ಟಪುರ ಎಂಬ ಹೆಸರು ರೇಷ್ಮೆ ಬೆಳೆಗಾರರಿಗೆ ಹೊಸದಲ್ಲ. ಬೆಂಗಳೂರಿನಿಂದ ಕನಕಪುರಕ್ಕೆ ಹೋಗುವ ರಸ್ತೆಯಲ್ಲಿರುವ ಈ ಊರಿನಲ್ಲಿ ರಾಜ್ಯದ ರೇಷ್ಮೆ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ ಇದೆ. ರಾಗಿ, ಅವರೆ, ಹಿಪ್ಪುನೇರಳೆ ಬೆಳೆಯುತ್ತಿದ್ದ ಹೊಲಗಳ ಜಾಗದಲ್ಲಿ ಈಗ ಬಡಾವಣೆಗಳು ಎದ್ದಿವೆ. 2021ರ ಜನವರಿಯಿಂದ ಮೆಟ್ರೋ ರೈಲೂ ಇಲ್ಲಿಗೆ ಬರುತ್ತಿದೆ. ಇಷ್ಟಾದರೂ ಹತ್ತಿರದ ತುರಹಳ್ಳಿ ಕಾಡಿಗೆ ಬೆಳಗಿನ ಹೊತ್ತು ದುರ್ಬೀನು ಹಿಡಿದು ಹಕ್ಕಿ ನೋಡಲು ಬರುವವರುಂಟು. ಮಕ್ಕಳಿಗೆ ಹಕ್ಕಿಗಳನ್ನು ತೋರಿಸಿ ಪ್ರಕೃತಿಯ ಪಾಠ ಹೇಳಬೇಕು ಎಂಬ ಆಸೆ ಪೇಟೆಯ ಅಂಚಿನ ಇಂಥ ಊರುಗಳಲ್ಲಿ ಹೆಚ್ಚುತ್ತಿದೆ. ಇದು ಸಂತೋಷದ ವಿಷಯ.

ಆದರೆ ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಒಂದು ಕಟ್ಟಡ ಕಟ್ಟಿ, ಗೋಡೆಗೆ ಹಕ್ಕಿಗಳ ಚಿತ್ರ ತೂಗುಹಾಕಿದ ಮಾತ್ರಕ್ಕೆ ಅದು ಹಕ್ಕಿಗಳ ಶಿಕ್ಷಣ ಕೇಂದ್ರವಾದೀತೆ? ಹಕ್ಕಿ ಕೂರುವ ಮರ ಒಬ್ಬ ರೈತನದು, ಅದು ಮೀನು ಹಿಡಿಯುವ ಕೆರೆ ಊರಿನದು. ಅವರನ್ನು ಬಿಟ್ಟು ಕಲಿಸುವ ಪಾಠ ಎಷ್ಟು ದಿನ ನಿಂತೀತು? ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋದರೆ ಸಾಕು. ಅಲ್ಲಿ ಇಡೀ ಊರೇ ಒಂದು ಪಾಠಶಾಲೆ.

ಊರಿನ ಪರಿಚಯ

ಶಿಂಷಾ ನದಿಯ ಸಮೀಪದಲ್ಲಿರುವ ಈ ಊರಿನ ಮೂಲ ಹೆಸರು ಬೆಳ್ಳೂರು. ಕೊಕ್ಕರೆಗಳಿಂದಾಗಿ ಕೊಕ್ಕರೆ ಬೆಳ್ಳೂರಾಯಿತು. ಇಲ್ಲಿಗೆ ಮುಖ್ಯವಾಗಿ ಎರಡು ಬಗೆಯ ದೊಡ್ಡ ಹಕ್ಕಿಗಳು ಬರುತ್ತವೆ. ಒಂದು ಹೆಜ್ಜಾರ್ಲೆ. ಕೊಕ್ಕಿನ ಕೆಳಗೆ ಚೀಲವುಳ್ಳ ಈ ಹಕ್ಕಿ ಪೂರ್ತಿ ಬೆಳೆದಾಗ ಸುಮಾರು ಐದು ಕಿಲೋ ತೂಗುತ್ತದೆ. ಇನ್ನೊಂದು ಬಣ್ಣದ ಕೊಕ್ಕರೆ. ಮಳೆಗಾಲ ಮುಗಿದ ಮೇಲೆ ಬಂದು, ಊರೊಳಗಿನ ಹುಣಸೆ, ಅರಳಿ, ಬಸರಿ ಮರಗಳಲ್ಲಿ ಗೂಡು ಕಟ್ಟಿ, ಮರಿ ಬೆಳೆಸಿಕೊಂಡು, ಮುಂಗಾರಿನ ಹೊತ್ತಿಗೆ ಹೊರಡುತ್ತವೆ.

1916ರ ಪ್ಲೇಗಿನ ಕಾಲದಲ್ಲಿ ಊರು ಹೊಳೆಯ ದಡ ಬಿಟ್ಟು ಈಗಿನ ಜಾಗಕ್ಕೆ ಬಂದಿತೆಂದೂ, ಹಕ್ಕಿಗಳೂ ಜನರ ಹಿಂದೆಯೇ ಬಂದವೆಂದೂ ಹಿರಿಯರು ಹೇಳುತ್ತಾರೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಈ ಹಕ್ಕಿಗಳು ಎಂಬುದು ಊರವರ ಭಾವನೆ. ತವರಿಗೆ ಬಂದ ಮಗಳನ್ನು ಯಾರಾದರೂ ಓಡಿಸುತ್ತಾರೆಯೆ? ಆದ್ದರಿಂದ ಯಾವ ಕಾನೂನೂ ಇಲ್ಲದ ಕಾಲದಲ್ಲಿಯೂ ಇಲ್ಲಿ ಹಕ್ಕಿಗಳಿಗೆ ಯಾರೂ ಕಲ್ಲು ಬೀರಲಿಲ್ಲ. 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರು ಈ ಊರನ್ನು ಗುರುತಿಸಿದರು. ಅವರ ಬರಹ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾದ ಮೇಲೆ ಹೊರಜಗತ್ತಿಗೆ ಇದರ ಪರಿಚಯವಾಯಿತು.

ಹುಣಸೆ ಮರದ ಲೆಕ್ಕ

ಭಾವನೆ ದೊಡ್ಡದು ನಿಜ. ಆದರೆ ರೈತನ ಮನೆ ಭಾವನೆಯೊಂದರಿಂದಲೇ ನಡೆಯುವುದಿಲ್ಲ. ಹುಣಸೆ ಹಣ್ಣು ಮಾಗಿ ಕೊಯ್ಲಿಗೆ ಬರುವುದು ಜನವರಿಯಿಂದ ಏಪ್ರಿಲ್ ವರೆಗೆ. ಗೂಡುಗಳಲ್ಲಿ ಮೊಟ್ಟೆ, ಮರಿಗಳು ತುಂಬಿರುವುದೂ ಅದೇ ತಿಂಗಳುಗಳಲ್ಲಿ. ಮರ ಹತ್ತಿ ಕೊಂಬೆ ಅಲುಗಿಸಿದರೆ ಮರಿಗಳು ಉದುರುತ್ತವೆ. ಹತ್ತದೆ ಬಿಟ್ಟರೆ ಹಿಕ್ಕೆ ಬಿದ್ದು ಹಣ್ಣು ಕೆಡುತ್ತದೆ. ಅಂದರೆ ಹಕ್ಕಿ ಕೂತ ಮರದ ಫಸಲನ್ನು ಮಾಲೀಕ ಬಹುಮಟ್ಟಿಗೆ ಮರೆಯಬೇಕು. ಇದರ ಮೇಲೆ ಅಂಗಳದಲ್ಲಿ ಮೀನಿನ ವಾಸನೆ, ಹಿಕ್ಕೆಯ ರಾಶಿ, ಹಗಲಿರುಳು ಗದ್ದಲ.

ರಂಗನತಿಟ್ಟಿನ ಸ್ಥಿತಿ ಬೇರೆ. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ ಆ ಜಾಗ ಕಾವೇರಿ ನದಿಯ ನಡುಗಡ್ಡೆಗಳ ಗುಂಪು. ಅಲ್ಲಿ ಯಾರ ಮನೆಯ ಅಂಗಳವೂ ಇಲ್ಲ. ಬೆಳ್ಳೂರಿನಲ್ಲಾದರೋ ಮರ ಖಾಸಗಿಯದು, ಹಕ್ಕಿ ಸಾರ್ವಜನಿಕರದು. ಈ ತೊಡಕನ್ನು ಅರಿತು ಅರಣ್ಯ ಇಲಾಖೆಯವರು ಗೂಡಿರುವ ಮರಗಳ ಮಾಲೀಕರಿಗೆ ಪರಿಹಾರ ಕೊಡುವ ಪದ್ಧತಿ ತಂದರು. ಆ ಹಣ ಫಸಲಿನ ಬೆಲೆಗೆ ಸರಿದೂಗಬೇಕು, ಹೊತ್ತಿಗೆ ಸರಿಯಾಗಿ ಕೈಸೇರಬೇಕು. ಇಲ್ಲವಾದರೆ ಮುದಿ ಹುಣಸೆ ಮರ ಸೌದೆಯ ವ್ಯಾಪಾರಿಯ ಪಾಲಾಗುವುದು ಸಹಜ. ಮರ ಕಡಿದವನನ್ನು ದೂರುವ ಮೊದಲು ಅವನ ಲೆಕ್ಕವನ್ನು ಒಮ್ಮೆ ಕೂಡಿ ನೋಡಬೇಕು.

ಹೆಜ್ಜಾರ್ಲೆ ಬಳಗ

1990ರ ದಶಕದಲ್ಲಿ ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ತಂಡದ ಕೆ. ಮನು ಮತ್ತು ಅವರ ಸಂಗಡಿಗರು ಈ ಊರಿಗೆ ಬಂದು ಹೋಗತೊಡಗಿದರು. ಊರಿನ ಯುವಕರನ್ನು ಕೂಡಿಸಿಕೊಂಡು ಹೆಜ್ಜಾರ್ಲೆ ಬಳಗ ಎಂಬ ಸಂಘ ಕಟ್ಟಿದರು. ಬಳಗ ಕೈಗೆತ್ತಿಕೊಂಡ ಮುಖ್ಯ ಕೆಲಸ ಬಹಳ ಸರಳವಾದುದು.

ಗಾಳಿಗೋ ಒಡಹುಟ್ಟಿದ ಮರಿಗಳ ತಳ್ಳಾಟಕ್ಕೋ ಗೂಡಿನಿಂದ ಕೆಳಗೆ ಬಿದ್ದ ಮರಿಯನ್ನು ತಾಯಿಹಕ್ಕಿ ನೆಲಕ್ಕಿಳಿದು ಸಾಕುವುದಿಲ್ಲ. ಅದು ಹಸಿವಿನಿಂದಲೋ ನಾಯಿಯ ಬಾಯಿಗೆ ಬಿದ್ದೋ ಸಾಯುತ್ತದೆ. ಬಳಗದವರು ಇಂಥ ಮರಿಗಳನ್ನು ಎತ್ತಿ ತಂದು, ಬೇಲಿ ಹಾಕಿದ ಆವರಣದಲ್ಲಿ ಇಟ್ಟು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಹಾರಿ ಹೋಗಲು ಬಿಡುತ್ತಾ ಬಂದರು. ಊರಿನ ಮಕ್ಕಳು ಹಕ್ಕಿಯ ಊಟ, ಬೆಳವಣಿಗೆ, ಕಾಯಿಲೆಗಳನ್ನು ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ತರಗತಿ ಯಾವುದಿದೆ? ಹೊರಗಿನಿಂದ ಬಂದ ಶಾಲಾ ಮಕ್ಕಳಿಗೆ ವಿವರಿಸುವವರೂ ಊರಿನವರೇ ಆದರು. ತಾವು ಸಾಕಿದ್ದನ್ನು ತಾವೇ ವಿವರಿಸುವಾಗ ಮಾತಿಗೆ ಬರುವ ತೂಕವೇ ಬೇರೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ತಿದ್ದುಪಡಿಯಾಗಿ, ಖಾಸಗಿ ಮತ್ತು ಸಮುದಾಯದ ಜಮೀನಿನಲ್ಲಿಯೂ ಜನರ ಒಪ್ಪಿಗೆಯಿಂದ ಮೀಸಲು ಪ್ರದೇಶ ಮಾಡಲು ಅವಕಾಶವಾಯಿತು. ಜಮೀನಿನ ಹಕ್ಕು ರೈತನಲ್ಲೇ ಉಳಿಯುತ್ತದೆ. ಅದರಂತೆ 2007ರಲ್ಲಿ ಕೊಕ್ಕರೆ ಬೆಳ್ಳೂರು ಸಮುದಾಯ ಮೀಸಲು ಪ್ರದೇಶವಾಯಿತು.

ಗೊಬ್ಬರದ ಲಾಭ

ಬೆಳ್ಳೂರಿನ ರೈತರು ಹಕ್ಕಿಯಿಂದ ಪಡೆಯುವ ಪ್ರತ್ಯಕ್ಷ ಲಾಭವೆಂದರೆ ಗೊಬ್ಬರ. ಮೀನು ತಿನ್ನುವ ಹಕ್ಕಿಗಳ ಹಿಕ್ಕೆಯಲ್ಲಿ ಸಾರಜನಕ, ರಂಜಕ ಎರಡೂ ಹೇರಳ. ಮರದ ಕೆಳಗೆ ಗುಂಡಿ ತೋಡಿ, ಅದರಲ್ಲಿ ಕೆರೆಗೋಡು ಹರಡಿ, ಹಿಕ್ಕೆ ಬಿದ್ದಂತೆಲ್ಲ ಮಣ್ಣಿನಲ್ಲಿ ಸೇರುವಂತೆ ಮಾಡುವುದು ಊರಿನ ರೂಢಿ. ಹಕ್ಕಿಗಳು ಹೊರಡುವ ಹೊತ್ತಿಗೆ ಮುಂಗಾರು ಬಿತ್ತನೆ ಹತ್ತಿರವಾಗಿರುತ್ತದೆ. ಗೊಬ್ಬರವೂ ಹೊಲಕ್ಕೆ ಸಿದ್ಧವಾಗಿರುತ್ತದೆ.

ಈ ರೂಢಿಗೆ ಶಾಸ್ತ್ರೀಯ ಆಧಾರವಿದೆ. ಹಸಿ ಹಿಕ್ಕೆಯನ್ನು ನೇರವಾಗಿ ಬೆಳೆಗೆ ಹಾಕಿದರೆ ಬೇರು ಸುಡುತ್ತದೆ. ಬಿಸಿಲಿಗೆ ಬಿಟ್ಟರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಗೋಡುಮಣ್ಣು, ಒಣಗಿದ ಎಲೆ, ಕಸಕಡ್ಡಿ ಬೆರೆಸಿ ಕೊಳೆಸಿದರೆ ಎರಡೂ ನಷ್ಟ ತಪ್ಪುತ್ತವೆ. ಒಣ ಹಿಕ್ಕೆ ಕೆದಕುವಾಗ ಮೂಗು, ಬಾಯಿಗೆ ಬಟ್ಟೆ ಕಟ್ಟಿಕೊಂಡು, ಸ್ವಲ್ಪ ನೀರು ಚಿಮುಕಿಸಿಕೊಳ್ಳುವುದು ಆರೋಗ್ಯಕ್ಕೆ ಅತ್ಯವಶ್ಯಕ.

ಎದುರಾಗಿರುವ ಕಷ್ಟಗಳು

ಬೆಳ್ಳೂರಿನಲ್ಲಿ ಎಲ್ಲವೂ ಸುಗಮವಾಗಿದೆ ಎಂದು ತಿಳಿಯಬಾರದು. ಹಕ್ಕಿಗಳು ಮಲಗುವುದು ಊರಿನಲ್ಲಾದರೂ ಉಣ್ಣುವುದು ಸುತ್ತಲಿನ ಕೆರೆ, ಹೊಳೆಗಳಲ್ಲಿ. ಕೆರೆ ಬತ್ತಿದರೆ ಮರ ಎಷ್ಟಿದ್ದರೂ ಪ್ರಯೋಜನವಿಲ್ಲ. 2017-18ರ ಋತುವಿನಲ್ಲಿ ಹಲವಾರು ಹೆಜ್ಜಾರ್ಲೆಗಳು ಸತ್ತವು. ಪರೀಕ್ಷೆಯಲ್ಲಿ ಜಂತುಹುಳುವಿನ ಬಾಧೆ ಕಂಡುಬಂತು. ಮರದ ಬುಡದಲ್ಲಿ ಪಾಠ ಹೇಳಿದರಷ್ಟೇ ಸಾಲದು, ಕೆರೆಯ ನೀರಿನ ಮೇಲೂ ಕಣ್ಣಿರಬೇಕು ಎಂಬುದನ್ನು ಇಂಥ ಘಟನೆಗಳು ನೆನಪಿಸುತ್ತವೆ. ಹಳೆಯ ಮರಗಳು ಮುದಿಯಾಗುತ್ತಿರುವಾಗ ಅವುಗಳ ಜಾಗಕ್ಕೆ ಸಸಿಗಳನ್ನು ಇಂದೇ ನೆಡಬೇಕು. ಹುಣಸೆ ಸಸಿ ಗೂಡು ಹೊರುವಷ್ಟು ಬೆಳೆಯಲು ಹತ್ತಾರು ವರ್ಷ ಬೇಕು.

ನಿಮ್ಮ ಊರಿನಲ್ಲಿ ಮಾಡಬಹುದಾದ ಕೆಲಸ

ತಲಘಟ್ಟಪುರದಂಥ ಊರಿಗೆ ಹೆಜ್ಜಾರ್ಲೆಗಳ ಹಿಂಡು ಬಂದು ಗೂಡು ಕಟ್ಟಲೇಬೇಕೆಂದಿಲ್ಲ. ಪಾಠಕ್ಕೆ ಕಾಜಾಣ, ಗೊರವಂಕ, ಬೆಳ್ಳಕ್ಕಿ, ಗೂಬೆಗಳೇ ಸಾಕು. ಇವು ರೈತನ ದಿನನಿತ್ಯದ ಸಹಾಯಕರು.

1. ಕಡಲೆ, ತೊಗರಿ, ಅವರೆ ಹೊಲಗಳಲ್ಲಿ ಎಕರೆಗೆ ಸುಮಾರು 20 ಕವಲುಕೋಲುಗಳನ್ನು ಬೆಳೆಗಿಂತ ಎತ್ತರವಾಗಿ ನೆಡಬೇಕು. ಅವುಗಳ ಮೇಲೆ ಕೂತ ಕಾಜಾಣ, ಗೊರವಂಕಗಳು ಕಾಯಿಕೊರಕ ಹುಳುಗಳನ್ನು ಆರಿಸಿ ತಿನ್ನುತ್ತವೆ. ಜೋಳ, ಸೂರ್ಯಕಾಂತಿಯಲ್ಲಾದರೆ ಕಾಳು ಕಟ್ಟುವ ಮೊದಲೇ ಕೋಲುಗಳನ್ನು ಕಿತ್ತುಬಿಡಬೇಕು.

2. ಕಣಜ ಗೂಬೆಯ ಮುಖ್ಯ ಆಹಾರ ಇಲಿ. ಅಪಶಕುನವೆಂದು ಅದನ್ನು ಕೊಲ್ಲಬಾರದು. ಇಲಿಪಾಷಾಣ ತಿಂದ ಇಲಿಯನ್ನು ತಿಂದರೆ ಗೂಬೆಗೂ ಅಪಾಯ. ಆದ್ದರಿಂದ ಸತ್ತ ಇಲಿಗಳನ್ನು ಹೂಳಬೇಕು.

3. ಶಾಲೆಯ ಮಕ್ಕಳು ಊರಿನ ಕೆರೆಗೆ ತಿಂಗಳಿಗೊಮ್ಮೆ ಒಂದೇ ಹೊತ್ತಿನಲ್ಲಿ ಹೋಗಿ, ಕಂಡ ಹಕ್ಕಿಗಳ ಹೆಸರು, ಸಂಖ್ಯೆ ಬರೆದಿಡಲಿ. ಊರಿನಲ್ಲಿ ಹಕ್ಕಿಗೆ ಕರೆಯುವ ಹೆಸರನ್ನು ಅಜ್ಜ, ಅಜ್ಜಿಯರಿಂದ ಕೇಳಿ ಬರೆಯಲಿ. ಐದು ವರ್ಷ ಬರೆದರೆ ಕೆರೆಯ ಆರೋಗ್ಯದ ಲೆಕ್ಕ ಊರಿನ ಕೈಯಲ್ಲೇ ಇರುತ್ತದೆ.

4. ಗೂಡಿರುವ ಮರದ ಮಾಲೀಕನನ್ನು ಕೇಂದ್ರದ ಸಮಿತಿಗೆ ಮೊದಲು ಕರೆಯಬೇಕು. ಅವನಿಗಾಗುವ ನಷ್ಟವನ್ನು ಬರೆದು ಪಂಚಾಯಿತಿಯ ಮುಂದಿಡಬೇಕು.

5. ಕಾಯಿಲೆ ಬಿದ್ದ ಅಥವಾ ಸತ್ತ ಹಕ್ಕಿಯನ್ನು ಮಕ್ಕಳು ಬರಿಗೈಯಲ್ಲಿ ಮುಟ್ಟಬಾರದು. ಅರಣ್ಯ ಅಥವಾ ಪಶುವೈದ್ಯ ಇಲಾಖೆಗೆ ಕೂಡಲೇ ತಿಳಿಸಬೇಕು.

ಕೊನೆಯದಾಗಿ ಒಂದು ಮಾತು. ಬೆಳ್ಳೂರಿನಲ್ಲಿ ಮೊದಲು ಬಂದದ್ದು ಹಕ್ಕಿ, ಆಮೇಲೆ ಅದಕ್ಕೆ ಜಾಗ ಕೊಟ್ಟ ರೈತ, ಅವನ ಮಕ್ಕಳು ಕಟ್ಟಿದ ಬಳಗ, ಎಲ್ಲಕ್ಕೂ ಕೊನೆಗೆ ಸರ್ಕಾರದ ಆದೇಶ. ಪೇಟೆಯ ಅಂಚಿನ ಊರುಗಳಲ್ಲಿ ಈ ಕ್ರಮ ತಿರುವುಮುರುವಾಗಿ, ಕಟ್ಟಡ ಮೊದಲು, ರೈತ ಕೊನೆಗೆ ಎಂಬಂತಾಗಬಾರದು. ಉಳಿದಿರುವ ಒಂದು ಕೆರೆ, ಹತ್ತು ದೊಡ್ಡ ಮರ, ಅವುಗಳನ್ನು ಬಲ್ಲ ನಾಲ್ಕು ಜನ ರೈತರು, ಕೇಳುವ ಮನಸ್ಸಿನ ಇಪ್ಪತ್ತು ಮಕ್ಕಳು ಇದ್ದರೆ ಕೇಂದ್ರ ಆಗಲೇ ಆರಂಭವಾಯಿತೆಂದು ತಿಳಿಯಬಹುದು. ಮುಂದಿನ ಮಳೆಗಾಲಕ್ಕೆ ಮುಂಚೆ ಪ್ರತಿಯೊಬ್ಬ ರೈತರೂ ತಮ್ಮ ಬದುವಿನಲ್ಲಿ ಒಂದು ಹುಣಸೆಯನ್ನೋ ಅತ್ತಿಯನ್ನೋ ನೆಡಲಿ. ಅದರ ಮೇಲೆ ಕೂರುವ ಹಕ್ಕಿಯನ್ನು ಮೊಮ್ಮಕ್ಕಳು ನೋಡುತ್ತಾರೆ.